ಕಂದು ಕಾಗದದ ಮೇಲಿನ ಉತ್ತರಗಳು

ಲೋಬಾನದ ಹೊಗೆಯ ವಾಸನೆ ಬಂದರೆ ನನಗೆ ಇಂದಿಗೂ ಏಳು ವರ್ಷ. ತಮ್ಮ ತೀರಿಕೊಂಡ ದಿನ ವಡಾಲದ ನಮ್ಮ ಚಾಳಿನ ಖೋಲಿಯಲ್ಲಿ ಆ ಹೊಗೆ ತುಂಬಿತ್ತು. "ದೇವರಿಗೆ ಛಲೋ ಹುಡುಗ ಬೇಕಾಗಿದ್ದ, ಕರಕೊಂಡ" ಎಂದರು ಹಿರಿಯರು. ಹಾಗಾದರೆ ಉಳಿದ ನಾನು ಬೇಡವಾದವಳೇ ಎಂದು ಕೇಳಲು ನನಗೆ ಯಾರೂ ಇರಲಿಲ್ಲ.

ಅಂಥ ಪ್ರಶ್ನೆಗೆ ವಾರಕ್ಕೊಂದು ಪಿರಿಯಡ್ ಮೀಸಲಿಟ್ಟವರು ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಗುರುಪಾದ ಮಾಸ್ತರರು. ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮೌಲ್ಯಶಿಕ್ಷಣವನ್ನು ನೀತಿಕಥೆಗಳಿಂದ ಬಿಡಿಸಿ ನಿಜವಾದ ಪಾಠ ಮಾಡಿದವರಲ್ಲಿ ಅವರು ಮೊದಲಿಗರು. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಿರಿ ಎಂದು ಬೀಳ್ಕೊಡುಗೆ ಸಮಿತಿಯವರು ಕೇಳಿದ್ದಾರೆ. ಬರೆಯುತ್ತೇನೆ, ಆದರೆ ಹನ್ನೊಂದು ವರ್ಷ ಅವರ ಮುಖ್ಯಾಧ್ಯಾಪಕಿಯಾಗಿ ನಾನು ಪಟ್ಟ ಪಾಡು ಮೊದಲು ದಾಖಲಾಗಲಿ. ಅವರ ನಲವತ್ತು ನಿಮಿಷದ ಪಾಠ ನನ್ನ ವಿಜ್ಞಾನದ ಪಿರಿಯಡನ್ನೂ ನುಂಗುತ್ತಿತ್ತು. ಲೋಕಲ್ ರೈಲು ತಪ್ಪಿ ತಡವಾಗಿ ಬಂದವರನ್ನು ನಾನು ಗದರಿದರೆ, ಅವರು ಮೇಜಿನ ಖಾನೆಯಿಂದ ಚಿಕ್ಕಿ ತೆಗೆದು ಕೊಟ್ಟು ನನ್ನ ಶಿಸ್ತನ್ನು ಹಾಳುಮಾಡುತ್ತಿದ್ದರು.

ಎಲ್ಲಕ್ಕಿಂತ ತಲೆನೋವಿನದು ಆ ಕಂದು ಕಾಗದ. "ಒಳ್ಳೆಯವರಿಗೆ ಕಷ್ಟ ಏಕೆ ಬರುತ್ತದೆ?" ಎಂದು ಒಂಬತ್ತನೆಯ ತರಗತಿಯವರು ಮನೆಯಲ್ಲಿ ಕೇಳಿ ಬರಬೇಕು; ತಂದ ಉತ್ತರಗಳನ್ನೆಲ್ಲ ಮಾಸ್ತರರು ಒಂದೇ ಕಾಗದದಲ್ಲಿ ಬರೆಸಿ ಗೋಡೆಗೆ ಅಂಟಿಸುವರು. ಹಿಂದಿನ ಜನ್ಮದ ಪಾಪ, ದೇವರ ಪರೀಕ್ಷೆ, ದೇವರೂ ನಮ್ಮೊಡನೆ ಅಳುತ್ತಾನೆ, ದೇವರೇ ಇಲ್ಲ, ಮನುಷ್ಯರ ಲೋಭ ಎಂಬ ಉತ್ತರಗಳು ಅಕ್ಕಪಕ್ಕದಲ್ಲೇ ಇರುತ್ತಿದ್ದವು. ಯಾವುದು ಸರಿ ಎಂದು ಮಾತ್ರ ಅವರು ಹೇಳುತ್ತಿರಲಿಲ್ಲ.

ನನ್ನ ಸೇವೆಯ ಕೊನೆಯ ವರ್ಷ, ಆ ಕಾಗದ ಅಂಟಿಸಿದ ವಾರವೇ, ಹಾಲವ್ವನೆಂಬ ವಿದ್ಯಾರ್ಥಿನಿಯ ತಂದೆ ಗೋರೆಗಾಂವಿನ ಕಟ್ಟಡದ ಕೆಲಸದಲ್ಲಿ ಹಗ್ಗ ಹರಿದು ಬಿದ್ದು ತೀರಿಕೊಂಡರು. ಶಾಲೆಯಲ್ಲಿ ಪರೀಕ್ಷೆ ನಡೆದಿತ್ತು. ಅವರ ಮನೆಗೆ ನಮ್ಮಲ್ಲಿ ಯಾರೂ ಹೋಗಲಿಲ್ಲ. ಹನ್ನೆರಡನೆಯ ದಿನ ತರಗತಿಗೆ ಮರಳಿದ ಹುಡುಗಿ ಕಾಗದದ ಮೊದಲ ಸಾಲು, ‘ಹಿಂದಿನ ಜನ್ಮದ ಪಾಪ’ ಎಂಬುದನ್ನು ಓದಿ, ಚೀಲ ಎತ್ತಿಕೊಂಡು ಹೊರಟುಹೋದಳು. ಮರುದಿನ ತಾಯಿ ಕಾಶವ್ವ ಬಂದರು.

"ನಮ್ಮವರು ಏನ್ ಪಾಪ ಮಾಡಿದ್ರು, ಹೇಳ್ರಿ ಮಾಸ್ತರ. ನಿಮ್ಮ ಗ್ವಾಡಿಗೆ ಬರದೈತಲ್ಲ? ಹುಡುಗೀನ ನಾಳಿಂದ ಪಾರ್ಲೇಕ್ಕ ಮನೀಕೆಲಸಕ್ಕ ಕರಕೊಂಡ ಹೋಗ್ತೀನಿ."

 ಕಾಶವ್ವ ಹೋದ ಮೇಲೆ, ಕಾಗದ ತೆಗೆಯಿರಿ ಎಂದು ನಾನು ಹೇಳಿದಾಗ ಮಾತ್ರ ಮಾಸ್ತರರಿಗೆ ವಾದ ನೆನಪಾಯಿತು!

"ಒಂದ್ ಸಾಲ ಹರದ್ರ ಎಲ್ಲಾನೂ ಹರೀಬೇಕ್ರಿ ಬಾಯಾರ. ಆ ಪಾಪದ ಮಾತ ಮೊಮ್ಮಗನ ಕೈಲೆ ಹೇಳಿ ಕಳಿಸಿದ ಅಜ್ಜಿ ಅದನ್ನ ನಂಬೇ ದಿನಾ ತಗದಾಳ."

"ಆ ಅಜ್ಜಿ ಮೊಮ್ಮಗನ್ನ ಸಾಲಿ ಬಿಡಸ್ತೀನಿ ಅಂದಿಲ್ರೀ!" ಎಂದು ರೇಗಿದೆ.

ಶನಿವಾರ ಅವರು ನನ್ನ ನೋಯುವ ಮೊಣಕಾಲುಗಳನ್ನು ಲೆಕ್ಕಿಸದೆ ಸ್ಟೇಷನ್ನಿನ ಸೇತುವೆ ಹತ್ತಿಸಿ ಕಾಶವ್ವನ ಮನೆಗೆ ಕರೆದೊಯ್ದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಬುತ್ತಿ ಒಯ್ಯುತ್ತಾರೆ; ಅದು ನಮ್ಮ ಕಡೆಯ ರೂಢಿ. ಮಾಸ್ತರರ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯಲ್ಲಿ ತಾವೇ ತಟ್ಟಿದ, ಅಂಚು ಹೊತ್ತಿದ ರೊಟ್ಟಿಗಳಿದ್ದವು.

"ಒಲಿ ಹಚ್ಚಿ ಎಷ್ಟ್ ದಿನಾತು, ಈಗ ಬುತ್ತಿ ತಂದ್ರೇನ್ರಿ?" ಎಂದರು ಕಾಶವ್ವ. ಡಬ್ಬಿ ತೆರೆದು ನೋಡಿ, "ಇವನ್ನ ತಿಂದ್ರ ನಾವೂ ಹೋಗ್ತೀವಿ" ಎಂದರು.

"ತಪ್ಪಾತವ್ವ. ಪಾಠ ಮಾಡಿದೆ, ಮನೀಗೆ ಬರ್ಲಿಲ್ಲ" ಎಂದರು ಮಾಸ್ತರರು. ಬಾಗಿಲ ಮರೆಯಲ್ಲಿದ್ದ ಹಾಲವ್ವನಿಗೆ, "ಕಾಗದದಾಗ ಇನ್ನೂ ಜಾಗ ಐತಿ. ನಿಂದೂ ಬರಿ" ಎಂದು ಹೇಳಿದರು.  ಕಾಶವ್ವ ಡಬ್ಬಿಯನ್ನು ಇಟ್ಟುಕೊಂಡರು.

ಮಾಸ್ತರರು ಆರೋಗ್ಯದಿಂದ ಬಹುಕಾಲ ಬಾಳಲಿ. ನಿವೃತ್ತಿಯ ನಂತರವೂ ಇನ್ನಷ್ಟು ಮುಖ್ಯಾಧ್ಯಾಪಕಿಯರ ನೆಮ್ಮದಿ ಕೆಡಿಸಲಿ ಎಂದು ಮನಸಾರೆ ಹಾರೈಸುತ್ತೇನೆ.

ಆ ಶನಿವಾರ ಕಳೆದು ಸೋಮವಾರ ಬೆಳಿಗ್ಗೆ ಹಾಲವ್ವ ಶಾಲೆಗೆ ಬಂದಳು. ಕಾಗದದ ಕೆಳಗೆ, "ಹಗ್ಗ ಹಳೆಯದಿತ್ತು. ಯಾರೂ ನೋಡಲಿಲ್ಲ" ಎಂದು ಬರೆದಳು. ಆಮೇಲೆ ಚೀಲದಿಂದ ಮಾಸ್ತರರ ಡಬ್ಬಿ ತೆಗೆದು ಅವರ ಕೈಗೆ ಕೊಟ್ಟಳು. ಬರಿದಾಗಿ ಮರಳಿಸಬಾರದೆಂದು ಕಾಶವ್ವ ಅದರಲ್ಲಿ ನಾಲ್ಕು ರೊಟ್ಟಿ, ಮೇಲಿಷ್ಟು ಕಡಲೆಹಿಟ್ಟಿನ ಝುಣಕ ಇಟ್ಟು ಕಳಿಸಿದ್ದರು. ರೊಟ್ಟಿಗಳು ಇನ್ನೂ ಬಿಸಿಯಾಗಿದ್ದವು.