ಒಂದು ಒತ್ತದ ಬೆರಳು

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಅವರನ್ನು ಎಲ್ಲರೂ ಎಕ್ಸ್‌ಪ್ರೆಸ್ ಅಕ್ಕ ಎಂದೇ ಕರೆಯುತ್ತಿದ್ದರು. ಟೈಪ್‌ರೈಟರ್ ಇದ್ದ ಕಾಲದಲ್ಲಿ ನಿಮಿಷಕ್ಕೆ ಅರವತ್ತು ಪದ ಹೊಡೆಯುತ್ತಿದ್ದರಂತೆ. ಸದ್ದು ಕೆಳಗಿನ ಮಹಡಿಯ ಕ್ಯಾಷಿಯರ್‌ಗೂ ಕೇಳುತ್ತಿತ್ತಂತೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಆ ಮಷಿನ್‌ಗಳೆಲ್ಲ ಗುಜರಿಗೆ ಹೋಗಿ ಕಂಪ್ಯೂಟರ್ ಬಂದಿದ್ದವು. ಆದರೂ ಅಕ್ಕ ಕೀಬೋರ್ಡನ್ನು ಯಾವುದೋ ಹಳೇ ಸಿಟ್ಟು ತೀರಿಸಿಕೊಳ್ಳುವವರ ಹಾಗೆ ಕುಟ್ಟುತ್ತಿದ್ದರು. “ಮುಂದಿನ ಸಲ ನಿಮಗೆ ಕಬ್ಬಿಣದ್ದೇ ತರಿಸ್ತೀನಿ” ಎಂದು ಸ್ಟೋರಿನವನು ರೇಗಿಸುತ್ತಿದ್ದ.

ನನಗೆ ಕೆಲಸ ಕಲಿಸಿದವರು ಅವರೇ. ಮೊದಲ ದಿನ ನಾನು ಎರಡೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತುವುದನ್ನು ನೋಡಿ, “ಏನಮ್ಮ, ಕೋಳಿ ಕಾಳು ಹೆಕ್ಕಿದ ಹಾಗಿದೆ” ಎಂದು ನಕ್ಕು, ನನ್ನ ಕೈಗಳ ಮೇಲೆ ಟವೆಲ್ ಹೊದಿಸಿ ಕೂರಿಸಿದರು. ಆರು ತಿಂಗಳಲ್ಲಿ ನಾನು ಕಣ್ಣುಮುಚ್ಚಿ ಟೈಪ್ ಮಾಡುವಂತಾದೆ.

ಅವರಿಗೆ ಐವತ್ತಾರು ವಯಸ್ಸು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ. ಮದುವೆಯಾಗಿರಲಿಲ್ಲ, ತಮ್ಮನ ಮನೆಯಲ್ಲಿದ್ದರು. ಆ ತಮ್ಮನನ್ನು ಓದಿಸಿದ್ದೂ ಅವರೇ. ಆಗಲೇ ಇಲಾಖೆಯಿಂದ ಸುತ್ತೋಲೆ ಬಂತು: ಟೈಪಿಸ್ಟ್‌ಗಳಿಗೆಲ್ಲ ವೇಗದ ಪರೀಕ್ಷೆ. ಹತ್ತು ನಿಮಿಷ, ನಿಮಿಷಕ್ಕೆ ಕನಿಷ್ಠ ನಲವತ್ತು ಪದ, ನೂರಕ್ಕೆ ಐದಕ್ಕಿಂತ ಹೆಚ್ಚು ತಪ್ಪು ಇರಬಾರದು. ತೇರ್ಗಡೆಯಾಗದವರನ್ನು ಸೇವೆಯಿಂದ ‘ಬಿಡುಗಡೆ’ ಮಾಡಲಾಗುವುದು. ಏನೋ ಜೈಲಿನಿಂದ ಬಿಟ್ಟು ಉಪಕಾರ ಮಾಡುವವರ ಹಾಗೆ ಆ ಪದ ಹಾಕಿದ್ದರು.

ಅಕ್ಕ ಅದನ್ನು ಎರಡು ಸಲ ಓದಿದರು. “ನೋಡು, ನಾನು ಆಫೀಸಿಗೆ ಹೋಗ್ತಿರೋವರೆಗೆ ಆ ಮನೇಲಿ ಕೂತಲ್ಲಿಗೆ ಕಾಫಿ ಬರುತ್ತೆ. ಹೋಗೋದು ನಿಂತ ದಿನದಿಂದ ಎಲ್ಲರಿಗೂ ನಾನೇ ಮಾಡಿ ಕೊಡ್ಬೇಕು” ಎಂದರು. ತಮಾಷೆಗೆ ಹೇಳಿದ ಹಾಗಿತ್ತು, ಆದರೆ ಮುಖದಲ್ಲಿ ನಗು ಇರಲಿಲ್ಲ.

ಅಂದಿನಿಂದಲೇ ಊಟದ ಬಿಡುವಿನಲ್ಲಿ ಅಭ್ಯಾಸ ಶುರು. ನಾನು ಮೊಬೈಲಿನಲ್ಲಿ ಸಮಯ ಹಿಡಿಯುತ್ತಿದ್ದೆ. ಮೊದಲ ದಿನ ಬಂದದ್ದು ಮೂವತ್ತಾರು. ಅರವತ್ತು ಹೊಡೆದವರಿಗೆ ಮೂವತ್ತಾರೇ ಎಂದು ನನಗೇ ಗಾಬರಿಯಾಯಿತು. ಪಕ್ಕದಲ್ಲಿ ಕೂತು ಗಮನಿಸಿದಾಗ ಕಾರಣ ಸಿಕ್ಕಿತು. ಪ್ರತಿ ಸಾಲಿನ ಕೊನೆಗೆ ಅವರ ಎಡಗೈ ತಾನಾಗಿಯೇ ಮೇಲೇಳುತ್ತಿತ್ತು, ಟೈಪ್‌ರೈಟರಿನ ಸಾಲು ಬದಲಿಸುವ ಸನ್ನೆಕೋಲು ತಳ್ಳುವುದಕ್ಕೆ. ಅಲ್ಲಿ ಸನ್ನೆಕೋಲಿಲ್ಲ ಎಂದು ತಿಳಿದು ಮತ್ತೆ ಕೆಳಗಿಳಿಯುತ್ತಿತ್ತು. ಆ ಕೈಯನ್ನು ಪಳಗಿಸಲು ಎರಡು ವಾರ ಬೇಕಾಯಿತು. ಆಮೇಲೆ ವೇಗ ಏರಿದ್ದೇ ಏರಿದ್ದು: ನಲವತ್ತೊಂದು, ನಲವತ್ತೇಳು, ಐವತ್ತು. ತಿಂಗಳ ಕೊನೆಗೆ ಐವತ್ತನಾಲ್ಕು. ಅಕ್ಕ ಹುಡುಗಿಯ ಹಾಗೆ ನನ್ನ ಬೆನ್ನಿಗೆ ಗುದ್ದಿದರು. ತಪ್ಪು ನೋಡುವ ಕೆಲಸ ನನ್ನದಾಗಿತ್ತು. ಹಾಳೆಗಳನ್ನು ಪ್ರಿಂಟ್ ತೆಗೆದು ಕೆಂಪು ಪೆನ್ನು ಹಿಡಿದು ಓದುತ್ತಿದ್ದೆ. ಹಾಳೆಗೆ ಎರಡೋ ಮೂರೋ ತಪ್ಪು, ಅಷ್ಟೇ. “ನೀವು ಕಣ್ಣುಮುಚ್ಚಿಕೊಂಡು ಪಾಸಾಗ್ತೀರಿ” ಎಂದು ನಾನೇ ಹೇಳಿದೆ.

ಪರೀಕ್ಷೆಯ ದಿನ ಕೊಟ್ಟಿದ್ದು ಮೀಟರ್ ನಂಬರುಗಳು, ತಾರೀಖುಗಳು ತುಂಬಿದ್ದ ಒಂದು ಇಂಗ್ಲಿಷ್ ವರದಿ. ಅಕ್ಕನ ವೇಗ ಐವತ್ತನಾಲ್ಕೇ ಬಂತು. ಐನೂರ ನಲವತ್ತು ಪದಕ್ಕೆ ಇಪ್ಪತ್ತೇಳು ತಪ್ಪಿನವರೆಗೆ ಮಾಫಿ. ಕಂಪ್ಯೂಟರ್ ಎಣಿಸಿದ್ದು ಮೂವತ್ತೊಂದು. ಫೇಲು.

ನಾನು ನಂಬಲಿಲ್ಲ. ಸಾಹೇಬರನ್ನು ಕಾಡಿ ಬೇಡಿ ಅವರ ಉತ್ತರವನ್ನು ಪರದೆಯ ಮೇಲೆ ತೆರೆಸಿದೆ. ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ಒಂದೇ ಬಗೆಯ ತಪ್ಪು. ಅಕ್ಕ ಕಲಿತ ಟೈಪ್‌ರೈಟರಿನಲ್ಲಿ ಒಂದು ಎಂಬ ಅಂಕಿಗೆ ಕೀಲಿಯೇ ಇರಲಿಲ್ಲ. ಅಂಕಿಗಳು ಶುರುವಾಗುತ್ತಿದ್ದುದೇ ಎರಡರಿಂದ. ಒಂದು ಬೇಕಾದಾಗ ಇಂಗ್ಲಿಷಿನ ಸಣ್ಣ ಎಲ್ ಒತ್ತುತ್ತಿದ್ದರು. ಕಾಗದದ ಮೇಲೆ ಎರಡೂ ಬರೀ ಒಂದು ಗೀಟು. ಕಂಪ್ಯೂಟರ್ ಬಂದ ಮೇಲೂ ಅವರ ಬಲಗೈಯ ಉಂಗುರದ ಬೆರಳು ಹಾಗೇ ಎಲ್ ಒತ್ತುತ್ತ ಬಂದಿತ್ತು. ನಮ್ಮ ಕಚೇರಿಯಿಂದ ಹೋಗುವುದೆಲ್ಲ ಪ್ರಿಂಟಾಗಿಯೇ ಆದ್ದರಿಂದ ಹನ್ನೆರಡು ವರ್ಷದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದು ತಿಂಗಳು ಕೆಂಪು ಪೆನ್ನು ಹಿಡಿದು ಕೂತ ನನ್ನ ಕಣ್ಣಿಗೂ ಬೀಳಲಿಲ್ಲ. ಒಂದೇ ಒಂದು ದಿನ ಪರದೆಯ ಮೇಲೆ ಪರೀಕ್ಷಿಸಿದ್ದರೆ ಗೊತ್ತಾಗುತ್ತಿತ್ತು. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

“ಕಂಪ್ಯೂಟರ್‌ಗೆ ಇದೆಲ್ಲ ಹೇಗಮ್ಮ ಅರ್ಥ ಆಗ್ಬೇಕು?” ಎಂದರು ಸಾಹೇಬರು. ಕೆಟ್ಟವರೇನಲ್ಲ. ಹದಿನೈದು ದಿನ ಬಿಟ್ಟು ಇನ್ನೊಂದು ಅವಕಾಶ ಕೊಡಿಸಿದರು.

ಒಂದೇ ಒಂದು ಕೀಲಿ ತಾನೇ ಎಂದುಕೊಂಡೆವು. ಒಂದರ ಕೀಲಿ ಇರುವುದು ಎಡಗಡೆ ಮೇಲೆ, ತುದಿಯಲ್ಲಿ, ಕಿರುಬೆರಳಿಗೆ. ಅಕ್ಕನ ಕಿರುಬೆರಳು ಅಷ್ಟು ದೂರ ಹೋದದ್ದೇ ಇಲ್ಲ. ಅದು ಹೊರಡುವ ಮೊದಲೇ ಬಲಗೈ ಎಲ್ ಒತ್ತಿಬಿಟ್ಟಿರುತ್ತಿತ್ತು. ಉಂಗುರದ ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಕೂತರು, ನೆನಪಿರಲಿ ಎಂದು. ಐದಾರು ದಿನಕ್ಕೆ ಬೆರಳು ಹೆದರಿತು. ಎಷ್ಟು ಹೆದರಿತೆಂದರೆ, ನಿಜವಾಗಿ ಎಲ್ ಬರಬೇಕಾದ ಕಡೆಯೂ ಒಂದರ ಅಂಕಿ ಬೀಳತೊಡಗಿತು. ಆಮೇಲೆ ಅಕ್ಕ ಪ್ರತಿ ಪದಕ್ಕೂ ತಡೆದು, ತಲೆ ಬಗ್ಗಿಸಿ, ಕೀಬೋರ್ಡ್ ನೋಡಲು ಶುರುಮಾಡಿದರು. ನನ್ನ ಕೈಮೇಲೆ ಟವೆಲ್ ಹೊದಿಸಿದ್ದವರು.

“ನೋಡ್ಬೇಡಿ ಅಕ್ಕ, ಬೆರಳಿಗೆ ಬಿಟ್ಬಿಡಿ” ಎಂದೆ.

“ಬೆರಳಿಗೆ ಬಿಟ್ಟಿದ್ದಕ್ಕೇ ಅಲ್ವಾ ಈ ಗತಿ?” ಎಂದು ಸಿಡುಕಿದರು. ಅವರು ನನ್ನ ಮೇಲೆ ಸಿಡುಕಿದ್ದು ಅದೇ ಮೊದಲು.

ಎರಡನೇ ಪರೀಕ್ಷೆಯಲ್ಲಿ ಒಂದೂ ತಪ್ಪಿರಲಿಲ್ಲ. ವೇಗ ಮೂವತ್ತೊಂದು. ಸಾಹೇಬರು ಬಿಡುಗಡೆಯ ಚೀಟಿ ಕೊಡುವಾಗ ತಲೆ ಎತ್ತಲಿಲ್ಲ. ಅಕ್ಕ ತಮ್ಮ ಕನ್ನಡಕ, ನೀರಿನ ಬಾಟಲಿ, ಕುರ್ಚಿಯ ದಿಂಬು ಚೀಲಕ್ಕೆ ಹಾಕಿಕೊಂಡರು. “ಬರ್ತೀನಮ್ಮ” ಎಂದರು, ನಾಳೆ ಬರುವವರ ಹಾಗೆ.

ಮೂರು ತಿಂಗಳಾದ ಮೇಲೆ ಬಾಕಿ ಹಣದ ಕಾಗದಪತ್ರಕ್ಕೆ ಅಕ್ಕನ ಸಹಿ ಬೇಕಾಗಿತ್ತು. ನಾನೇ ಕೊಂಡುಹೋದೆ. ಬಾಗಿಲು ತೆರೆದ ತಮ್ಮನ ಹೆಂಡತಿ ಒಳಕ್ಕೆ ಕರೆದು ಕೂರಿಸಿದಳು. ಅಕ್ಕ ಹಿತ್ತಲಿನಿಂದ ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು ಬಂದರು. ನನ್ನನ್ನು ಕಂಡು ಮುಖ ಅರಳಿತು. “ಈಗ ನಿಂದೆಷ್ಟು ಸ್ಪೀಡು?” ಎಂದು ಕೇಳಿದರು. ಅರವತ್ತೆರಡು ದಾಟಿತ್ತು, ಆದರೆ ಹಾಗೆನ್ನಲು ಬಾಯಿ ಬರಲಿಲ್ಲ. ಐವತ್ತು ಎಂದೆ.

ಅಷ್ಟರಲ್ಲಿ ಮೇಲಿನ ಮನೆಗೆ ಹೊಸದಾಗಿ ಬಂದ ಹೆಂಗಸು ಬಾಗಿಲಲ್ಲಿ ನಿಂತು, ಬಕೆಟ್ಟಿನ ಕಡೆ ಕಣ್ಣು ಹಾಯಿಸಿ, ತಮ್ಮನ ಹೆಂಡತಿಯನ್ನು ಕೇಳಿದಳು: “ನಿಮ್ಮ ಕೆಲಸದವರು ನಮ್ಮನೆಗೂ ಬರ್ತಾರಾ? ಬರೀ ಬಟ್ಟೆ ಪಾತ್ರೆ.”

ತಮ್ಮನ ಹೆಂಡತಿ ಬಾಗಿಲ ಬಳಿ ಹೋದಳು. “ಇಲ್ಲ ರೀ, ಇಲ್ಲೇ ಪುರಸೊತ್ತಾಗಲ್ಲ” ಎಂದಳು.

ಇವರು ಈ ಮನೆಯ ಮಗಳು, ಈ ಮನೆ ನಡೆದದ್ದೇ ಇವರ ಸಂಬಳದಲ್ಲಿ ಎಂದು ನಾನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಅಕ್ಕ ಬಕೆಟ್ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಪೆನ್ನು ತೆಗೆದುಕೊಂಡರು.

“ಎಲ್ಲಿ ಹಾಕ್ಬೇಕಮ್ಮ ಸಹಿ?” ಎಂದರು.