ಗುಡ್ಡದ ಹೆಸರು ಬರೆದ ಪ್ರೇಮಲತಾ ಮೇಡಂ

ಪ್ರೇಮಲತಾ ಮೇಡಂ ಅವರ ಕೊಠಡಿಯಲ್ಲಿ ಯಾರೂ ತಮ್ಮ ಬುತ್ತಿಯನ್ನು ತಾವೇ ಉಣ್ಣುವಂತಿರಲಿಲ್ಲ. ಎಲ್ಲರ ಡಬ್ಬಿಗಳನ್ನೂ ಉದ್ದ ಮೇಜಿನ ಮೇಲೆ ಬಿಚ್ಚಿಸಿ, ಭೌತಶಾಸ್ತ್ರದವರ ಪಲ್ಯವನ್ನು ಸಮಾಜಶಾಸ್ತ್ರದವರಿಗೆ ಬಡಿಸುತ್ತಿದ್ದರು. "ಒಟ್ಟಿಗೆ ಉಣ್ಣದವರು ಒಟ್ಟಿಗೆ ಎಂತ ಸಂಶೋಧನೆ ಮಾಡ್ತಾರೆ ಮಾರಾಯ?"

ಮೂಡುಬಿದಿರೆಯವರು, ಭೂವಿಜ್ಞಾನದ ಪ್ರಾಧ್ಯಾಪಕಿ. ನಮ್ಮ ವಿಶ್ವವಿದ್ಯಾಲಯ ಹವಾಮಾನ ಬದಲಾವಣೆಯ ಬಗ್ಗೆ ಹಲವು ವಿಭಾಗಗಳ ಜಂಟಿ ಅಧ್ಯಯನ ಕೈಗೊಂಡಾಗ ಮುಖ್ಯಸ್ಥೆ ಅವರೇ. ನಾನು ಅರ್ಥಶಾಸ್ತ್ರದಿಂದ ಸೇರಿದ ಸಹಾಯಕ. ಕ್ಷೇತ್ರಕಾರ್ಯಕ್ಕೆ ಹೊರಟ ಜೀಪು ಪುಂಜಾಲಕಟ್ಟೆ ದಾಟುವಷ್ಟರಲ್ಲಿ ನನ್ನ ಬರವಣಿಗೆಗೆ ಬೈಗುಳ ಶುರುವಾಗುತ್ತಿತ್ತು. "'ಕಂಡುಬರುತ್ತದೆ' ಅಂತ ಬರೀಬೇಡ. ಕಂಡದ್ದು ಯಾರು? ನೀನಲ್ವ? 'ಕಂಡೆ' ಅಂತ ಬರಿ."

ಚಾರ್ಮಾಡಿಯ ಬುಡದಲ್ಲಿ ರೆಸಾರ್ಟಿಗಾಗಿ ಒಂದು ಗುಡ್ಡವನ್ನು ಕಡಿದಿದ್ದರು. ಕೆಳಗೆ ಕೆಲವು ಮನೆಗಳು. ಒಂದರಲ್ಲಿ ಗಿರಿಜ ಮತ್ತು ಅವಳ ಗಂಡ ಮೋನಪ್ಪ. ತಿಂಗಳಿಡೀ ಹರಡಿ ಬೀಳುತ್ತಿದ್ದ ಮಳೆ ಈಗ ಕೆಲವೇ ದಿನಗಳಲ್ಲಿ ಸುರಿದುಬಿಡುತ್ತದೆ, ಕಡಿದ ಗುಡ್ಡ ಅದನ್ನು ತಾಳುವುದಿಲ್ಲ ಎಂದು ಮೇಡಂ ವರದಿಯಲ್ಲಿ ಒಂದು ಅಧ್ಯಾಯ ಬರೆದರು. ಗುಡ್ಡದ ಹೆಸರನ್ನೂ ರೆಸಾರ್ಟಿನ ಹೆಸರನ್ನೂ ಬರೆದರು.

ವರದಿ ಬಿಡುಗಡೆಯಾಗಬೇಕಿದ್ದ ಸಮ್ಮೇಳನಕ್ಕೆ ಹಣ ಕೊಟ್ಟ ಪೋಷಕ ಆ ರೆಸಾರ್ಟಿನ ಮಾಲೀಕನೇ. ಒಟ್ಟಿಗೆ ಉಂಡವರೆಲ್ಲ ಒಬ್ಬೊಬ್ಬರಾಗಿ, ಅದು ತಮ್ಮ ವಿಭಾಗದ ವಿಷಯವಲ್ಲ ಎಂದರು. ನನ್ನಂಥ ಸಹಾಯಕರನ್ನು ಯಾರೂ ಕೇಳಲಿಲ್ಲ. ಅಚ್ಚಾದ ವರದಿಯಲ್ಲಿ ಆ ಅಧ್ಯಾಯದ ಬದಲು, ಹವಾಮಾನ ಬದಲಾವಣೆ ಒಂದು ಜಾಗತಿಕ ಸಮಸ್ಯೆ ಎಂಬ ಲೇಖನವಿತ್ತು.

"ಜಾಗತಿಕ ಅಂದ್ರೆ ಒಳ್ಳೇದು. ಯಾಕೆ ಕಡಿದ್ರಿ ಅಂತ ಯಾರನ್ನೂ ಕೇಳ್ಲಿಕ್ಕಿಲ್ಲ" ಎಂದರು ಮೇಡಂ.

ತೆಗೆದುಹಾಕಿದ ಅಧ್ಯಾಯವನ್ನು ತಾವೇ ತಾಲೂಕು ಕಚೇರಿಗೆ ಒಯ್ದರು. ವಿಶ್ವವಿದ್ಯಾಲಯದ ಮೊಹರಿಲ್ಲವೆಂದು ಅಲ್ಲಿ ತೆಗೆದುಕೊಳ್ಳಲಿಲ್ಲ. ಮಳೆ ಜೋರಾದಾಗ ಗಿರಿಜ ಮತ್ತು ಮೋನಪ್ಪನನ್ನು ಒತ್ತಾಯ ಮಾಡಿ ಮೂಡುಬಿದಿರೆಯ ಮನೆಗೆ ಕರೆತಂದರು. ಆದರೆ ಮಳೆ ನಿಂತು ಹೊಳವಾಯಿತು, ಗುಡ್ಡ ಜರಿಯಲಿಲ್ಲ.

"ಎಷ್ಟು ಸಮಯ ಅಂತ ಇಲ್ಲಿ ಕೂತುಕೊಳ್ಳುದು ಅಕ್ಕ? ದನಗಳು ಬೇರೆಯವರ ಕೈಯಲ್ಲುಂಟು" ಎಂದು ಮೋನಪ್ಪ ಹೆಂಡತಿಯನ್ನು ಕರೆದುಕೊಂಡು ಹೊರಟ. ಗುಡ್ಡ ಇಂಥ ದಿನವೇ ಬೀಳುತ್ತದೆಂದು ಹೇಳಲು ಮೇಡಂಗೂ ಸಾಧ್ಯವಿರಲಿಲ್ಲ.

ಮುಂದಿನ ದೊಡ್ಡ ಮಳೆಗೆ ಗುಡ್ಡ ಕೆಳಗೆ ಬಂತು. ಅಂಗಳದಲ್ಲಿದ್ದ ಗಿರಿಜ ಓಡಿ ಉಳಿದಳು. ದನದ ಹಟ್ಟಿಯಲ್ಲಿದ್ದ ಮೋನಪ್ಪ ಉಳಿಯಲಿಲ್ಲ. ರೆಸಾರ್ಟಿಗೆ ಏನೂ ಆಗಲಿಲ್ಲ.

ಮೇಡಂ ಜೊತೆ ನಾನೂ ಹೋಗಿದ್ದೆ. ಗಿರಿಜ ಅಳುತ್ತಿರಲಿಲ್ಲ. "ನೀವು ಹೇಳಿದ್ದು ಸರಿ ಆಯಿತಲ್ಲ ಅಕ್ಕ" ಎಂದಳು. ಮೇಡಂ ಅವಳ ಕೈ ಹಿಡಿಯಲು ಹೋದರು. ಅವಳು ಎಳೆದುಕೊಂಡಳು.

ಆಮೇಲೆ ವಿಶ್ವವಿದ್ಯಾಲಯಕ್ಕೆ ಆ ಅಧ್ಯಾಯ ಬೇಕಾಯಿತು. ಹೊಸ ಮುದ್ರಣ, ವಿಶೇಷ ಉಪನ್ಯಾಸ, ಶಾಲು. ಫೋನು ಮಾಡಿದ ಕುಲಸಚಿವರಿಗೆ ಮೇಡಂ ನನ್ನೆದುರಿಗೇ ಹೇಳಿದರು: "ಅದು ಮೋನಪ್ಪ ಬದುಕ್ಲಿಕ್ಕೆ ಬರೆದದ್ದು. ಇನ್ನು ನಿಮಗೆ ಎಂತಕ್ಕೆ?" ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರು.

ಕಳೆದ ವರ್ಷ ಮೇಡಂ ಮೆಲ್ಕಾರಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದರು. ತುಂಬಾ ಇಳಿದುಹೋಗಿದ್ದರು. ಎಲ್ಲಿಗೆ ಎಂದು ಕೇಳಿದೆ.

"ಗಿರಿಜನಲ್ಲಿಗೆ. ಬೆಳ್ತಂಗಡಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದಾಳೆ."

"ಈಗ ಮಾತಾಡ್ತಾಳಾ ಮೇಡಂ?"

"ಇಲ್ಲ. ಚಾ ಮಾಡಿ ಇಡ್ತಾಳೆ. ಕುಡಿದು ಬರ್ತೇನೆ."

ಈ ಸಲ ಮಳೆ ಹಿಡಿಯುವ ಮೊದಲೇ ಮೇಡಂ ತೀರಿಕೊಂಡರು. ಬೆಳ್ತಂಗಡಿಗೆ ಹೋಗಿ ಸುದ್ದಿ ತಿಳಿಸಿದವನು ನಾನೇ. ಗಿರಿಜ ಹೊಸ್ತಿಲಲ್ಲೇ ನಿಂತು ಕೇಳಿದಳು. "ಹೌದಾ" ಎಂದು ಬಾಗಿಲು ಹಾಕಿಕೊಂಡಳು.