ಸರ್ಕಾರಿ ಖರ್ಚಿನಲ್ಲಿ ಬಂದ ಹೊನೋರಾ

ಸಿಂಗಾಪುರದ ಪಾಸಿರ್ ರಿಸ್‌ನ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಪದ್ಮಜಾಳಷ್ಟು ಮಾನಕ್ಕೆ ಹೆದರುವವರನ್ನು ನಾನು ಕಂಡಿಲ್ಲ. ಗಂಡ ಸೇತುರಾಮ ಸೆಲೆಟಾರ್‌ನಲ್ಲಿ ವಿಮಾನ ರಿಪೇರಿಯ ಇಂಜಿನಿಯರ್. ಇವಳು ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಚಿನ್ನದ ಪದಕ ಪಡೆದವಳು. ಮದುವೆಯಾದ ತಿಂಗಳಲ್ಲೇ ಇಲ್ಲಿಗೆ ಬಂದು, ಅಂದಿನಿಂದ ಬಾಲ್ಕನಿಯಲ್ಲಿ ಕರಿಬೇವು ಬೆಳೆಸುತ್ತಿದ್ದಾಳೆ. ಪದಕ ಶೋಕೇಸಿನಲ್ಲಿದೆ. ಬಂದವರೆಲ್ಲ ಅದು ಸೇತುರಾಮನದೆಂದುಕೊಳ್ಳುತ್ತಿದ್ದರು, ಅವನೂ ಅಲ್ಲವೆನ್ನುತ್ತಿರಲಿಲ್ಲ.

ಎರಡು ಸಾವಿರದ ಏಳರಲ್ಲಿ, ಊರಿಗೆ ಊರೇ ಫ್ಲಾಟು ಕೊಂಡು ಮಾರುವ ಹುಚ್ಚಿನಲ್ಲಿದ್ದಾಗ, ಮಗ ವೇದಾಂತ್ ತನ್ನ ಬ್ಯಾಂಕಿನಲ್ಲೇ ಕೆಲಸ ಮಾಡುವ ಆಸ್ಟ್ರೇಲಿಯಾದ ಟೆಸ್ ಎಂಬ ಹುಡುಗಿಯನ್ನು ಮದುವೆಯಾಗುತ್ತೇನೆಂದ. ಪದ್ಮಜಾ ಅತ್ತಳು, ಆಮೇಲೆ ಸೀರೆ ಆರಿಸಲು ಹೊರಟಳು. ಅವಳಿಗಿದ್ದ ಭಯ ಒಂದೇ: ಮೈಸೂರಿನಲ್ಲಿದ್ದ ಗಂಡನ ಅಕ್ಕ ಶಕುಂತಲಾ. ಮದುವೆಯಿಂದ ಆಕೆ ಎದ್ದು ಹೋದರೆ ನೆಂಟರಷ್ಟೂ ಹಿಂದೆಯೇ ಹೊರಡುತ್ತಾರೆ.

ಟೆಸ್ ತನ್ನ ಅಜ್ಜಿಯ ಮುತ್ತಜ್ಜಿ ಹೊನೋರಾಳ ಕಥೆಯನ್ನು ಸಿಕ್ಕವರಿಗೆಲ್ಲ ಹೆಮ್ಮೆಯಿಂದ ಹೇಳುವವಳು. ಐರ್ಲೆಂಡಿನಲ್ಲಿ ಬರ ಬಿದ್ದಾಗ ಹೊನೋರಾ ಒಂದು ಕುರಿ ಕದ್ದಳು. ನ್ಯಾಯಾಧೀಶರು ಏಳು ವರ್ಷ ಶಿಕ್ಷೆ ಕೊಟ್ಟು ಹಡಗಿನಲ್ಲಿ ಟಾಸ್ಮೇನಿಯಾಕ್ಕೆ ಸಾಗಿಸಿದರು. ಅಲ್ಲಿ ಯಾರದೋ ಮನೆಯ ಬಟ್ಟೆ ಒಗೆದು ಶಿಕ್ಷೆ ಮುಗಿಸಿ, ಒಬ್ಬ ಬಡಗಿಯನ್ನು ತಾನೇ ಮೆಚ್ಚಿ ಮದುವೆಯಾದಳು.

ಶಕುಂತಲಾ ಫೋನಿನಲ್ಲಿ ಮನೆತನ ವಿಚಾರಿಸಿದಾಗ ನಾನು ಪಕ್ಕದಲ್ಲೇ ಇದ್ದೆ.

"ಅತ್ತಿಗೆ, ಅವರ ಮುತ್ತಜ್ಜಿನ ಬ್ರಿಟಿಷ್ ಸರ್ಕಾರಾನೇ ಆಸ್ಟ್ರೇಲಿಯಾಗೆ ಕಳ್ಸಿದ್ದಂತೆ. ಹಡಗು, ಊಟ, ವಸತಿ ಎಲ್ಲಾ ಸರ್ಕಾರದ್ದೇ. ಏಳು ವರ್ಷ ಆದ್ಮೇಲೆ ಅಲ್ಲೇ ಸೆಟ್ಲ್ ಆದ್ರಂತೆ."

"ಡೆಪ್ಯುಟೇಶನ್ ಅನ್ನು! ಆ ಕಾಲಕ್ಕೇ, ಹೆಂಗಸನ್ನ!"

ವರ್ಕ್ ಪಾಸು, ಪಿಆರ್ ಎಂದು ಹೊರದೇಶದ ಪರವಾನಗಿಯನ್ನೇ ಉಸಿರಾಡುವ ನಮ್ಮವರಿಗೆ ಬೇರೆ ಏನು ತಾನೇ ಹೊಳೆದೀತು? ಸುದ್ದಿ ಮೈಸೂರೆಲ್ಲ ಹರಡಿತು.

ಮದುವೆ ಕಾಂಡೋದ ಫಂಕ್ಷನ್ ರೂಮಿನಲ್ಲಿ. ವಾರವಿಡೀ ಇನ್ಶೂರೆನ್ಸ್ ಮಾರಿ ಶನಿವಾರ ಪುರೋಹಿತರಾಗುವ ದ್ವಾರಕನಾಥರು ಕನ್ಯಾದಾನಕ್ಕೆ ಮುಂಚೆ ವಂಶದ ಹೆಸರು ಹೇಳಲು ವಧುವಿನ ಹಿರಿಯರ ಹೆಸರು ಕೇಳಿದರು. ಅಪ್ಪ, ತಾತ, ಮುತ್ತಾತನ ಹೆಸರು ಹೇಳಿ ಟೆಸ್ ಇಂಗ್ಲಿಷಿನಲ್ಲಿ ಇನ್ನೇನೋ ಸೇರಿಸಿದಳು. ವೇದಾಂತ್ ಮೈಸೂರಿನಿಂದ ಬಂದಿದ್ದ ಸೋದರತ್ತೆಗೆ ಅರ್ಥವಾಗಲೆಂದು ಮೈಕಿನಲ್ಲೇ ಕನ್ನಡಕ್ಕೆ ತಂದ: "ಹೊನೋರಾ ಹೆಸರೂ ಹೇಳ್ಬೇಕಂತೆ ಅತ್ತೆ. ಕಳ್ಳತನ ಮಾಡಿ ಗಡೀಪಾರಾದವಳು. ಅವಳಿಲ್ದಿದ್ರೆ ತಾನಿಲ್ಲ ಅಂತಿದಾಳೆ."

ಶಕುಂತಲಾ ಎದ್ದು ನಿಂತಳು. "ಪದ್ಮಜಾ, ಡೆಪ್ಯುಟೇಶನ್ ಅಂದಿದ್ಯಲ್ಲ?"

"ಅದು ನೀವಂದಿದ್ದು, ಅತ್ತಿಗೆ."

"ಏನು ಕದ್ದಿದ್ದು?"

"ಕುರಿ."

ಶಕುಂತಲಾ ಯೋಚಿಸಿದಳು. "ಕದ್ದಿದ್ದು ಹಾಗಿರ್ಲಿ. ತಿಂದ್ಲಾ?"

ನಾನು ಸೆರಗು ಬಾಯಿಗೊತ್ತಿಕೊಂಡೆ. ಮಾರಿದಳು ಅಂದುಬಿಡೇ ಎಂದು ಮನಸ್ಸಿನಲ್ಲೇ ಕೂಗಿದೆ. ಪದ್ಮಜಾ ಸೊಸೆಯ ಮುಖ ನೋಡಿದಳು.

"ತಿಂದ್ಲು. ಹಸಿವಾಗಿತ್ತು, ತಿಂದ್ಲು. ಅವಳಿಗೆ ಏಳು ವರ್ಷ ಅಂತ ಮೊದ್ಲೇ ಹೇಳಿದ್ರು, ಅತ್ತಿಗೆ. ನಾನು ಏನೂ ಕದೀಲಿಲ್ಲ, ನನ್ನನ್ನೂ ಇಲ್ಲಿಗೆ ಕಳ್ಸಿದ್ರು. ಎಷ್ಟು ವರ್ಷ ಅಂತ ಯಾರೂ ಹೇಳ್ಲಿಲ್ಲ."

ನನ್ನ ನಗು ಅಲ್ಲೇ ಸತ್ತಿತು. ಸೇತುರಾಮ ತನ್ನ ಶಲ್ಯದ ಅಂಚು ನೋಡತೊಡಗಿದ. ದ್ವಾರಕನಾಥರು ಹೊನೋರಾಳ ಹೆಸರನ್ನು ಸಂಸ್ಕೃತದಲ್ಲಿ ಸೇರಿಸಿಯೇಬಿಟ್ಟರು. ಶಕುಂತಲಾ ನಿಂತೇ ಇದ್ದಳು, ಆಮೇಲೆ ಕುಳಿತಳು.

ಈಗ ಅವರ ಮನೆಗೆ ಹೋದರೆ, ಆ ಪದಕ ಯಾರದೆಂದು ಕೇಳುವ ಮೊದಲೇ ಸೇತುರಾಮ ಹೇಳುತ್ತಾನೆ.